ಸೀಸದ ಗುಡ್ಡದ ಹುಲ್ಲು

ನಮ್ಮ ಮನೆಯಲ್ಲಿ ತಾತನದೊಂದು ಹಿತ್ತಾಳೆ ಬಿಲ್ಲೆ ಇದೆ. ಹಳೆಯ ಎಂಟಾಣೆಗಿಂತ ಕೊಂಚ ದೊಡ್ಡದು. ಮೇಲೆ ಒಂದು ತೂತು, ನಡುವೆ ಒಂದು ನಂಬರು. ಕೋಲಾರದ ಚಿನ್ನದ ಗಣಿಯಲ್ಲಿ ತಾತ ಕೆಲಸಕ್ಕೆ ಸೇರಿದಾಗ ಕೊಟ್ಟದ್ದಂತೆ. ಇಳಿಯುವಾಗ ಬಿಲ್ಲೆಯ ಲೆಕ್ಕ, ಮೇಲೆ ಬಂದಾಗ ಬಿಲ್ಲೆಯ ಲೆಕ್ಕ. ಲೆಕ್ಕ ತಪ್ಪಿದರೆ ಯಾರೋ ಒಬ್ಬರು ಇನ್ನೂ ಭೂಮಿಯೊಳಗೇ ಇದ್ದಾರೆ ಎಂದರ್ಥ. ತಾತ ಅದನ್ನು ‘ಟೇಲರ್ ಕಂಪನಿ ಬಿಲ್ಲೆ’ ಎನ್ನುತ್ತಿದ್ದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡ ಮೇಲೂ ಅವರ ಬಾಯಲ್ಲಿ ಅದು ಟೇಲರ್ ಕಂಪನಿಯೇ ಆಗಿ ಉಳಿಯಿತು.

ಆ ಟೇಲರ್ ಯಾರು ಎಂದು ನಾನು ಎಂದೂ ಕೇಳಿರಲಿಲ್ಲ. ಮದುವೆಯಾಗಿ, ವೇಲ್ಸ್ ದೇಶದ ಪಶ್ಚಿಮ ಕರಾವಳಿಯ ಅಬರಿಸ್ಟ್‌ವಿತ್ ಎಂಬ ಪುಟ್ಟ ಊರಿಗೆ ಬಂದು, ಇಲ್ಲಿನ ಶಾಲೆಯೊಂದರಲ್ಲಿ ಜೀವಶಾಸ್ತ್ರದ ಪಾಠ ಹೇಳಲು ಶುರುಮಾಡಿದ ಎಷ್ಟೋ ವರ್ಷಗಳ ನಂತರ ಉತ್ತರ ತಾನಾಗಿಯೇ ಎದುರಾಯಿತು. ಅದನ್ನು ತೋರಿಸಿಕೊಟ್ಟದ್ದು ಒಂದು ಹುಲ್ಲು.

ಅಬರಿಸ್ಟ್‌ವಿತ್‌ನಿಂದ ಪೂರ್ವಕ್ಕೆ, ಇಂಗ್ಲೆಂಡಿನ ಕಡೆ ಹೋಗುವ ಹೆದ್ದಾರಿಯಲ್ಲಿ ಏಳು ಮೈಲಿ ಹೋದರೆ ಗೊಗಿನಾನ್ ಎಂಬ ಹಳ್ಳಿ ಸಿಗುತ್ತದೆ. ಕೆಳಗೆ ಮೆಲಿಂದೂರ್ ಹೊಳೆಯ ಕಣಿವೆ. ಸುತ್ತ ಎಲ್ಲಿ ನೋಡಿದರೂ ಹಸಿರು, ಹಸಿರಿನ ನಡುವೆ ಕುರಿಗಳು. ವೇಲ್ಸ್‌ನಲ್ಲಿ ಮಳೆ ಎಷ್ಟೆಂದರೆ, ಕಲ್ಲಿನ ಮೇಲೂ ಹುಲ್ಲು ಬೆಳೆದೀತು ಅನ್ನಿಸುತ್ತದೆ. ಅಂಥ ಕಡೆ ಒಂದು ಇಳಿಜಾರು ಮಾತ್ರ ಬೂದಿ ಬಣ್ಣಕ್ಕೆ ಬತ್ತಲೆ ನಿಂತಿತ್ತು. ಪುಡಿಗಲ್ಲಿನ ರಾಶಿ, ಮಳೆ ನೀರು ಕೊರೆದ ಗೀರುಗಳು, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಹುಲ್ಲಿನ ಬುಡ. ಕಾರು ನಿಲ್ಲಿಸಿ ಕೆಳಗಿಳಿದೆ. ಯಜಮಾನರು, “ಯಾಕೆ, ಏನಾಯ್ತು?” ಎಂದರು. “ಇದು ನಮ್ಮೂರಿನ ದಿಬ್ಬ ಕಣ್ರೀ” ಎಂದೆ.

ಕೆಜಿಎಫ್‌ನಲ್ಲಿ ಬೆಳೆದವರಿಗೆ ಇದು ಅರ್ಥವಾಗುತ್ತದೆ. ನಮ್ಮ ಬಾಲ್ಯದ ದಿಗಂತವೆಂದರೆ ಸೈನೈಡ್ ದಿಬ್ಬಗಳು. ಮೇಲಿನಿಂದ ಸಮತಟ್ಟು, ಬದಿಗಳಲ್ಲಿ ಕೊರಕಲು, ಬಿಸಿಲಿಗೆ ಬೂದಿ, ಸಂಜೆಗೆ ಹಳದಿ. ಬೇಸಿಗೆಯ ಗಾಳಿ ಎದ್ದರೆ ಅಮ್ಮ ಒಣಹಾಕಿದ ಬಟ್ಟೆಗಳನ್ನು ಎಳೆದುಕೊಂಡು ಒಳಗೆ ಓಡುತ್ತಿದ್ದರು. ಅನ್ನದ ತಟ್ಟೆಯಲ್ಲೂ ಹಲ್ಲಿಗೆ ಸಿಗುವಂಥ ನಯವಾದ ಮಣ್ಣು. ದಿಬ್ಬದ ಮೇಲೆ ಏನೂ ಬೆಳೆಯುವುದಿಲ್ಲ ಎಂಬುದು ನಮಗೆ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಷ್ಟೇ ಸಹಜವಾದ ಸಂಗತಿ.

ಆ ಭಾನುವಾರದಿಂದ ನನ್ನ ಓದು ಶುರುವಾಯಿತು. ನಮ್ಮೂರ ಗುಡ್ಡದ ಮೇಲೆಯೇ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯವಿದೆ. ಶನಿವಾರಗಳಲ್ಲಿ ಅಲ್ಲಿ ಕೂತು ಈ ಕಣಿವೆಗಳ ಚರಿತ್ರೆ ಓದತೊಡಗಿದೆ.

ಇಲ್ಲಿನ ಗಣಿಗಾರಿಕೆ ನಾನು ಅಂದುಕೊಂಡದ್ದಕ್ಕಿಂತ ಬಹಳ ಹಳೆಯದು. ಅಬರಿಸ್ಟ್‌ವಿತ್‌ನ ಆಗ್ನೇಯಕ್ಕಿರುವ ಕೂಮಿಸ್ಟ್‌ವಿತ್ ಕಣಿವೆಯ ಕೋಪಾ ಬೆಟ್ಟದಲ್ಲಿ ಕಂಚಿನ ಯುಗದ ಜನ, ಇಂದಿಗೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ, ತಾಮ್ರಕ್ಕಾಗಿ ಬಂಡೆ ಒಡೆದಿದ್ದಾರೆ. 2002ರಲ್ಲಿ ಅದೇ ಕಣಿವೆಯ ಬಾಂಕ್ ತಿಂಡೋಲ್ ಎಂಬಲ್ಲಿ ಅಗೆತ ನಡೆದಾಗ ತೆಳ್ಳನೆಯ ಚಿನ್ನದ ತಗಡಿನ ಬಿಲ್ಲೆಯೊಂದು ಸಿಕ್ಕಿತು. ವೇಲ್ಸ್‌ನಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಚಿನ್ನದ ಒಡವೆಗಳಲ್ಲಿ ಅದೂ ಒಂದು. ಅದರಲ್ಲೂ ತೂತುಗಳಿವೆ. ಅದರ ಚಿತ್ರ ನೋಡಿದಾಗ ತಾತನ ಬಿಲ್ಲೆ ನೆನಪಾಗದೆ ಇರಲಿಲ್ಲ.

ಹದಿನೇಳನೆಯ ಶತಮಾನಕ್ಕೆ ಬಂದರೆ, ಇಲ್ಲಿನ ಸೀಸದ ಅದಿರಿನಲ್ಲಿ ಬೆಳ್ಳಿಯೂ ಬೆರೆತಿರುವುದರಿಂದ ರಾಜರ ಕಣ್ಣು ಈ ಕಡೆ ಬಿತ್ತು. 1637ರಲ್ಲಿ ಥಾಮಸ್ ಬುಶೆಲ್ ಎಂಬಾತ ಅನುಮತಿ ಪಡೆದು ಅಬರಿಸ್ಟ್‌ವಿತ್ ಕೋಟೆಯೊಳಗೇ ಟಂಕಸಾಲೆ ತೆರೆದ. ಅಲ್ಲಿ ಅಚ್ಚಾದ ಬೆಳ್ಳಿ ನಾಣ್ಯಗಳ ಮೇಲೆ ವೇಲ್ಸ್‌ನ ಗುರುತಾಗಿ ಮೂರು ಗರಿಗಳ ಮುದ್ರೆ ಇರುತ್ತಿತ್ತು. ಈಗ ಆ ಕೋಟೆಯ ಮುರಿದ ಗೋಡೆಗಳ ನಡುವೆ ಮಕ್ಕಳು ಐಸ್‌ಕ್ರೀಂ ತಿನ್ನುತ್ತಾ ಓಡಾಡುತ್ತಾರೆ.

ದೊಡ್ಡ ಪ್ರಮಾಣದ ಗಣಿಗಾರಿಕೆ ಬಂದದ್ದು 1830ರ ದಶಕದಲ್ಲಿ. ಆ ಪುಟಗಳಲ್ಲೇ ನನಗೆ ಆ ಹೆಸರು ಸಿಕ್ಕಿತು: ಜಾನ್ ಟೇಲರ್. 1779ರಲ್ಲಿ ನಾರಿಚ್ ಪಟ್ಟಣದಲ್ಲಿ ಹುಟ್ಟಿದವನು. ಹತ್ತೊಂಬತ್ತನೆಯ ವಯಸ್ಸಿಗೇ ಡೆವನ್ ಪ್ರಾಂತದ ತಾಮ್ರದ ಗಣಿಯೊಂದಕ್ಕೆ ಮೇಲ್ವಿಚಾರಕನಾದವನು. ರಾಯಲ್ ಸೊಸೈಟಿಯ ಫೆಲೋ. ಬ್ರಿಟನ್ನಿನ ನಾನಾ ಕಡೆ ಗಣಿಗಳನ್ನು ನಡೆಸುತ್ತಿದ್ದ ಈತ ಕಾರ್ಡಿಗನ್‌ಶೈರ್‌ಗೂ ಬಂದು ಲಿಸ್‌ಬರ್ನ್ ಗಣಿಗಳನ್ನು, ಫ್ರಾಂಗೋಚ್ ಗಣಿಯನ್ನು, ಗೊಗಿನಾನ್ ಗಣಿಯನ್ನು ಕೈಗೆತ್ತಿಕೊಂಡ. 1863ರಲ್ಲಿ ಆತ ತೀರಿಕೊಂಡ ಮೇಲೆ ಮಕ್ಕಳು ಮೊಮ್ಮಕ್ಕಳು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಹೆಸರಿನಲ್ಲಿ ವ್ಯವಹಾರ ಮುಂದುವರಿಸಿದರು. 1880ರಲ್ಲಿ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳಿಗೆ ಬಂದದ್ದು ಇದೇ ಮನೆತನದ ಇದೇ ಸಂಸ್ಥೆ.

ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕಿಟಕಿಯಾಚೆಗಿನ ಸಮುದ್ರ ನೋಡುತ್ತಾ ಕೂತೆ. ಐದು ಸಾವಿರ ಮೈಲಿ ದೂರ ಬಂದಿದ್ದೇನೆ ಅಂದುಕೊಂಡಿದ್ದೆ. ಬಂದದ್ದು ಟೇಲರ್ ಕಂಪನಿಯ ಹಳೆಯ ಅಂಗಳಕ್ಕೇ.

ಗೊಗಿನಾನ್‌ನ ದಿಬ್ಬವೂ ಕೆಜಿಎಫ್‌ನ ದಿಬ್ಬವೂ ಹುಟ್ಟುವ ಬಗೆ ಒಂದೇ. ಬಂಡೆಯನ್ನು ಮೇಲೆ ತಂದು, ಪುಡಿಮಾಡಿ, ಬೇಕಾದ ಲೋಹ ತೆಗೆದುಕೊಂಡು, ಬೇಡದ್ದನ್ನು ಹೊರಗೆ ಸುರಿಯುವುದು. ಇಲ್ಲಿ ಸೀಸದ ಅದಿರು ಭಾರವಾದ್ದರಿಂದ ಪುಡಿಯನ್ನು ಹರಿಯುವ ನೀರಿನಲ್ಲಿ ಜಾಲಿಸಿದರೆ ಅದು ತಳಕ್ಕೆ ಕೂರುತ್ತಿತ್ತು. ಅಕ್ಕಿ ಜಾಲಿಸಿ ಕಲ್ಲು ಬೇರೆ ಮಾಡುವ ಹಾಗೆ. ಆದರೆ ಯಾವ ಜಾಲಿಸುವಿಕೆಯೂ ಪೂರ್ತಿ ಅಲ್ಲ. ಒಂದಿಷ್ಟು ಸೀಸ ತ್ಯಾಜ್ಯದಲ್ಲೇ ಉಳಿಯುತ್ತಿತ್ತು. ಸತುವಿಗಂತೂ ಆರಂಭದ ದಿನಗಳಲ್ಲಿ ಒಳ್ಳೆಯ ಬೆಲೆಯಿರಲಿಲ್ಲ, ಅದರ ಅದಿರೂ ರಾಶಿಗೆ ಹೋಗುತ್ತಿತ್ತು. ಕೆಸರು ನೀರು ನೇರ ಹೊಳೆಗೆ. ನಮ್ಮಲ್ಲಿ ಇದಕ್ಕೆ ಸೈನೈಡ್ ಸೇರಿಕೊಂಡಿತು. 1887ರಲ್ಲಿ ಗ್ಲಾಸ್ಗೋದ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಕಂಡುಹಿಡಿದ ವಿಧಾನದಲ್ಲಿ ಪುಡಿಗಲ್ಲಿನಿಂದ ಚಿನ್ನವನ್ನು ಕರಗಿಸಿ ತೆಗೆಯಲು ಸೈನೈಡ್ ಬಳಸುತ್ತಾರೆ. ಉಳಿದ ಹಿಟ್ಟಿನಂಥ ಮಣ್ಣೇ ನಮ್ಮ ದಿಬ್ಬ. ಒಂದು ಮಾತು ಇಲ್ಲೇ ಹೇಳಿಬಿಡಬೇಕು: ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಲೋಹ ಒಡೆಯುವುದಿಲ್ಲ. ಸೀಸ ನೂರು ವರ್ಷವಾದರೂ ಸೀಸವೇ.

ಅದರ ಫಲ ಮೊದಲು ಕಂಡದ್ದು ಹೊಳೆಗಳಲ್ಲಿ. ರೈಡಾಲ್, ಅಸ್ಟ್‌ವಿತ್ ನದಿಗಳಲ್ಲಿ ಮೀನು ಇಲ್ಲವಾಯಿತು. ಪ್ರವಾಹದ ನೀರು ಹೊಲಕ್ಕೆ ನುಗ್ಗಿದ ಕಡೆ ದನಕರು, ಕೋಳಿ ಸತ್ತವು. 1874ರಲ್ಲಿ ಬ್ರಿಟನ್ನಿನ ನದಿಮಾಲಿನ್ಯ ಆಯೋಗ ಗಣಿಗಳಿಂದಾಗುವ ಮಾಲಿನ್ಯದ ಬಗ್ಗೆಯೇ ಒಂದು ಸಂಪುಟ ವರದಿ ಕೊಟ್ಟಿತು. ಅರ್ಧ ಶತಮಾನದ ನಂತರ, 1920ರ ದಶಕದಲ್ಲಿ, ಅಬರಿಸ್ಟ್‌ವಿತ್‌ನ ಕ್ಯಾಥ್ಲೀನ್ ಕಾರ್ಪೆಂಟರ್ ಎಂಬ ವಿಜ್ಞಾನಿ ಈ ಹೊಳೆಗಳಲ್ಲಿ ಕಾಲಿಟ್ಟು, ಕಲ್ಲು ಕಲ್ಲು ಮಗುಚಿ, ಯಾವ ಹುಳ ಉಳಿದಿದೆ, ಯಾವುದು ಇಲ್ಲ ಎಂದು ಲೆಕ್ಕ ಹಾಕಿದರು. ಲೋಹದ ಲವಣಗಳು ಮೀನಿನ ಕಿವಿರಿನ ಮೇಲಿನ ಲೋಳೆಯೊಡನೆ ಸೇರಿ ಗಟ್ಟಿಯಾಗಿ, ಮೀನು ಉಸಿರುಕಟ್ಟಿ ಸಾಯುತ್ತದೆ ಎಂದು ತೋರಿಸಿಕೊಟ್ಟರು. ಅಂದರೆ ಮೀನು ಸಾಯುವುದು ಒಳಗಿನಿಂದಲ್ಲ, ತನ್ನ ಮತ್ತು ಹೊರಜಗತ್ತಿನ ನಡುವಿನ ಗಡಿಯಲ್ಲಿ. ಈ ಗಡಿಯ ಮಾತನ್ನು ನೆನಪಿಡಿ. ಹುಲ್ಲಿನ ಕತೆಯಲ್ಲಿ ಅದು ಮತ್ತೆ ಬರುತ್ತದೆ.

ಗಣಿಗಳು ಒಂದೊಂದಾಗಿ ಮುಚ್ಚಿದವು. ದಿಬ್ಬಗಳು ಉಳಿದವು. ಆ ದಿಬ್ಬಗಳ ಅಂಚಿನಲ್ಲಿ ಒಂದು ಜಾತಿಯ ಹುಲ್ಲು ಮಾತ್ರ ನಿಧಾನವಾಗಿ ಹತ್ತತೊಡಗಿತು. ಇಂಗ್ಲಿಷರು ಅದನ್ನು ಬೆಂಟ್ ಎನ್ನುತ್ತಾರೆ. ವಿಜ್ಞಾನಿಗಳು ಆಗ ಅಗ್ರಾಸ್ಟಿಸ್ ಟೆನ್ಯುಯಿಸ್ ಎನ್ನುತ್ತಿದ್ದರು, ಈಗ ಅಗ್ರಾಸ್ಟಿಸ್ ಕ್ಯಾಪಿಲ್ಲಾರಿಸ್. ನಮ್ಮ ಗರಿಕೆಯ ಹಾಗೆ ಇಲ್ಲಿ ಎಲ್ಲೆಂದರಲ್ಲಿ ಬೆಳೆಯುವ, ಯಾರೂ ತಿರುಗಿ ನೋಡದ ಹುಲ್ಲು.

ತಿರುಗಿ ನೋಡಿದವನು ಟೋನಿ ಬ್ರಾಡ್‌ಶಾ. 1926ರಲ್ಲಿ ಹುಟ್ಟಿದ ಈತ ತರುಣನಾಗಿದ್ದಾಗ ಅಬರಿಸ್ಟ್‌ವಿತ್‌ನಲ್ಲಿ ಈ ಬೆಂಟ್ ಹುಲ್ಲಿನ ಮೇಲೆಯೇ ಸಂಶೋಧನೆ ನಡೆಸುತ್ತಿದ್ದ. ಬೇರೆ ಬೇರೆ ಜಾಗಗಳ ಹುಲ್ಲನ್ನು ಕಿತ್ತು ತಂದು ಹೋಲಿಸುವುದು ಆತನ ಕೆಲಸ. ಗೊಗಿನಾನ್ ದಿಬ್ಬದ ಹುಲ್ಲನ್ನೂ, ಪಕ್ಕದ ಕುರಿ ಮೇಯುವ ಬಯಲಿನ ಅದೇ ಜಾತಿಯ ಹುಲ್ಲನ್ನೂ ತಂದು ಎರಡನ್ನೂ ದಿಬ್ಬದ ಮಣ್ಣಿನಲ್ಲಿ ನೆಟ್ಟ. ನೋಡಲು ಎರಡೂ ಒಂದೇ. ಆದರೆ ಬಯಲಿನ ಹುಲ್ಲು ಬೇರು ಬಿಡಲಾರದೆ ಸೊರಗಿತು. ದಿಬ್ಬದ ಹುಲ್ಲು ಬೆಳೆಯಿತು. 1952ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆತ ಇದನ್ನು ಪ್ರಕಟಿಸಿದ.

ಇದರಲ್ಲೇನು ವಿಶೇಷ ಎನ್ನಬಹುದು. ವಿಶೇಷ ಇರುವುದು ಕಾಲದಲ್ಲಿ. ವಿಕಾಸ ಎಂದರೆ ಲಕ್ಷಾಂತರ ವರ್ಷಗಳ ಮಾತು ಎಂದು ನಾವೆಲ್ಲ ಕಲಿತದ್ದು. ಟೇಲರ್ ಕಾಲದ ದಿಬ್ಬದ ವಯಸ್ಸು ಬ್ರಾಡ್‌ಶಾ ಬರುವ ಹೊತ್ತಿಗೆ ನೂರು ವರ್ಷದ ಆಸುಪಾಸು. ಅಷ್ಟರಲ್ಲೇ ಹುಲ್ಲಿನ ಹೊಸ ಕುಲವೊಂದು ಅಲ್ಲಿ ನೆಲೆಸಿತ್ತು. ಮುಂದೆ ಬ್ರಾಡ್‌ಶಾ ಬ್ಯಾಂಗರ್‌ಗೆ, ಆಮೇಲೆ ಲಿವರ್‌ಪೂಲ್‌ಗೆ ಹೋದರೂ ಈ ಪ್ರಶ್ನೆಯನ್ನು ಬಿಡಲಿಲ್ಲ. ಆತನೂ ಆತನ ಶಿಷ್ಯರೂ ಕಂಡುಕೊಂಡದ್ದಿಷ್ಟು: ಮಾಮೂಲು ಬಯಲಿನ ಹುಲ್ಲಿನ ಬೀಜಗಳನ್ನು ತಾಮ್ರದ ಗಣಿಯ ಮಣ್ಣಿಗೆ ಬಿತ್ತಿದರೆ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ, ಸಾವಿರದಲ್ಲಿ ಒಂದೆರಡು ಉಳಿಯುತ್ತವೆ. ಉಳಿದವುಗಳಿಗೆ ಲೋಹ ತಡೆಯುವ ಗುಣ ಮೊದಲೇ ಇತ್ತು. ಬಯಲಿನಲ್ಲಿ ಅದಕ್ಕೆ ಬೆಲೆಯಿರಲಿಲ್ಲ, ಅಷ್ಟೇ. ದಿಬ್ಬ ಅವನ್ನು ಆರಿಸಿಕೊಂಡಿತು. ಆ ಗುಣಕ್ಕೆ ತೆರಬೇಕಾದ ಬೆಲೆಯೂ ಇತ್ತು. ದಿಬ್ಬದ ಹುಲ್ಲನ್ನು ಒಳ್ಳೆಯ ಮಣ್ಣಿನಲ್ಲಿ ಬಯಲಿನ ಹುಲ್ಲಿನ ಜತೆ ನೆಟ್ಟರೆ ಅದು ಪೈಪೋಟಿಯಲ್ಲಿ ಹಿಂದೆ ಬೀಳುತ್ತಿತ್ತು. ಉತ್ತರ ವೇಲ್ಸ್‌ನ ದ್ರೂಸ್-ಅ-ಕೋಯ್ಡ್ ಎಂಬ ತಾಮ್ರದ ಗಣಿಯಲ್ಲಿ ನೀಲಿ ಎಂಬ ಉಪನಾಮಕ್ಕೆ ಹತ್ತಿರದ ಹೆಸರಿನ ಮ್ಯಾಕ್‌ನೀಲಿ ಎಂಬ ಸಂಶೋಧಕ 1968ರಲ್ಲಿ ತೋರಿಸಿದಂತೆ, ಗಣಿಯ ಗಡಿ ದಾಟಿ ಕೆಲವೇ ಹೆಜ್ಜೆ ಇಟ್ಟರೆ ಸಾಕು, ಹುಲ್ಲಿನ ಗುಣವೇ ಬದಲಾಗಿಬಿಡುತ್ತಿತ್ತು. ಗಾಳಿ ಪರಾಗವನ್ನು ಆಚೀಚೆ ಹೊತ್ತೊಯ್ದರೂ ನೆಲ ತನಗೆ ಬೇಕಾದ್ದನ್ನೇ ಉಳಿಸಿಕೊಳ್ಳುತ್ತಿತ್ತು.

ಪಾಠ ಹೇಳುವವಳಿಗೆ ಇಷ್ಟು ಸಾಕಿತ್ತು. ಆದರೆ ಒಂದು ದಿನ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: “ಹಾಗಾದರೆ ಆ ಹುಲ್ಲು ಸೀಸವನ್ನು ಎಲ್ಲಿಡುತ್ತದೆ ಮಿಸ್?” ನೀರು ಕುಡಿಯಲೇಬೇಕು, ನೀರಿನಲ್ಲೇ ಲೋಹವಿದೆ. ಅದು ಎಲ್ಲಿ ಹೋಗುತ್ತದೆ? ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದೆ.

ಉತ್ತರ ಹುಡುಕಲು 1970ಕ್ಕೆ ಹೋಗಬೇಕಾಯಿತು. ಆ ವರ್ಷ ಆರ್. ಜಿ. ಟರ್ನರ್ ಎಂಬ ಸಂಶೋಧಕ ಇದೇ ಬೆಂಟ್ ಹುಲ್ಲಿನ ಬೇರುಗಳನ್ನು ಅರೆದು, ಜೀವಕೋಶದ ಭಾಗಗಳನ್ನು ಬೇರೆ ಬೇರೆ ಮಾಡಿ, ಸತು ಮತ್ತು ತಾಮ್ರ ಯಾವ ಭಾಗದಲ್ಲಿ ಎಷ್ಟಿದೆ ಎಂದು ಅಳೆದು ಪ್ರಕಟಿಸಿದ. ಸತುವನ್ನು ತಡೆದುಕೊಳ್ಳುವ ಹುಲ್ಲಿನಲ್ಲಿ ಅದು ಹೆಚ್ಚಾಗಿ ಸಿಕ್ಕಿದ್ದು ಕೋಶದ ಒಳಗಲ್ಲ, ಕೋಶಭಿತ್ತಿಯಲ್ಲಿ. ಎರಡು ವರ್ಷದ ನಂತರ ಟರ್ನರ್ ಮತ್ತು ಮಾರ್ಷಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಹುಲ್ಲು ಎಷ್ಟು ಗಟ್ಟಿಯೋ, ಅದರ ಬೇರಿನ ಕೋಶಭಿತ್ತಿ ಅಷ್ಟು ಹೆಚ್ಚು ಸತುವನ್ನು ಹಿಡಿದಿಡುತ್ತದೆ.

ಕೋಶಭಿತ್ತಿಯನ್ನು ನಾವು ಶಾಲೆಯಲ್ಲಿ ಚಿತ್ರ ಬರೆಯುವಾಗ ಹೊರಗಿನ ಒಂದು ಗೆರೆಯಾಗಿ ಎಳೆದು ಮುಗಿಸುತ್ತೇವೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ‘ಸೆಲ್’ ಎಂದು ಹೆಸರಿಟ್ಟಾಗ ಆತ ಕಂಡದ್ದು ಕೂಡ ಜೀವವಿಲ್ಲದ ಖಾಲಿ ಗೋಡೆಗಳನ್ನೇ. ಹಾಗಾಗಿ ಗೋಡೆ ಎಂದರೆ ಸತ್ತ ವಸ್ತು, ಪೆಟ್ಟಿಗೆಯ ಹಲಗೆ ಎಂಬ ಭಾವನೆ ಬಹಳ ಕಾಲ ಉಳಿಯಿತು. ನಿಜಕ್ಕೂ ಅದು ತುಂಬ ಚುರುಕಾದ ಜಾಗ.

ಗೋಡೆಯ ಅಸ್ಥಿಪಂಜರ ಸೆಲ್ಯುಲೋಸ್ ನಾರು. ನಾರುಗಳ ನಡುವೆ ತುಂಬಿರುವ ಅಂಟು ಪೆಕ್ಟಿನ್. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದು, ಕಿತ್ತಳೆ ಸಿಪ್ಪೆಯ ಮಾರ್ಮಲೇಡ್ ಹೆಪ್ಪಾಗುವುದು ಈ ಪೆಕ್ಟಿನ್‌ನಿಂದಲೇ. ಪೆಕ್ಟಿನ್ ಸರಪಳಿಯ ಉದ್ದಕ್ಕೂ ಋಣ ವಿದ್ಯುದಾವೇಶವಿರುವ ಕೊಕ್ಕೆಗಳಿವೆ. ಮಾಮೂಲಾಗಿ ಆ ಕೊಕ್ಕೆಗಳಲ್ಲಿ ಕ್ಯಾಲ್ಸಿಯಂ ಕೂತು ಎರಡು ಸರಪಳಿಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಸೀಸ, ಸತು, ತಾಮ್ರಗಳಿಗೂ ಧನ ಆವೇಶ. ಅವು ಬಂದರೆ ಆ ಕೊಕ್ಕೆಗಳಿಗೇ ಸಿಕ್ಕಿಕೊಳ್ಳುತ್ತವೆ. ಸೀಸವಂತೂ ಕ್ಯಾಲ್ಸಿಯಂಗಿಂತ ಬಿಗಿಯಾಗಿ ಹಿಡಿದುಕೊಂಡು ಕೂರುತ್ತದೆ.

ಎಲ್ಲ ಕೊಕ್ಕೆಗಳೂ ಯಾವಾಗಲೂ ತೆರೆದಿರುವುದಿಲ್ಲ. ಹಲವಕ್ಕೆ ಮೀಥೈಲ್ ಎಂಬ ಮುಚ್ಚಳವಿರುತ್ತದೆ. ಲೋಹದ ಕಾಟ ತಗುಲಿದಾಗ ಹಲವು ಸಸ್ಯಗಳ ಬೇರುಗಳಲ್ಲಿ ಈ ಮುಚ್ಚಳ ತೆಗೆಯುವ ಕಿಣ್ವ ಚುರುಕಾಗುತ್ತದೆ, ಹೊಸ ಕೊಕ್ಕೆಗಳು ತೆರೆಯುತ್ತವೆ, ಗೋಡೆ ದಪ್ಪವಾಗುತ್ತದೆ. ಲಿಗ್ನಿನ್ ಎಂಬ ಮರಗಟ್ಟಿಸುವ ವಸ್ತು ಗೋಡೆಯೊಳಗೆ ಸೇರಿ ಅದನ್ನು ಇನ್ನಷ್ಟು ಗಡಸು ಮಾಡುತ್ತದೆ. ಒಟ್ಟಿನಲ್ಲಿ ಮನೆಯೊಳಕ್ಕೆ ಬರಬೇಕಾದ ವಿಷವನ್ನು ಹೊಸ್ತಿಲಿನಲ್ಲೇ ಕೂರಿಸುವ ಏರ್ಪಾಟು. ಮೀನು ಯಾವ ಗಡಿಯಲ್ಲಿ ಸೋತಿತೋ, ಹುಲ್ಲು ಅದೇ ಗಡಿಯಲ್ಲಿ ನಿಂತು ಸೆಣಸುತ್ತದೆ.

ಇದೂ ಪುಕ್ಕಟೆಯಲ್ಲ. ಸಸ್ಯ ಬೆಳೆಯಬೇಕಾದರೆ ಗೋಡೆ ಹಿಗ್ಗಬೇಕು. ಗಡಸಾದ ಗೋಡೆ ಹಿಗ್ಗುವುದಿಲ್ಲ. ಸೀಸದ ನೀರಿನಲ್ಲಿ ಬೇರು ಮೊಟಕಾಗುವುದಕ್ಕೆ ಇದೂ ಒಂದು ಕಾರಣ. 1957ರಲ್ಲಿ ವಿಲ್ಕಿನ್ಸ್ ಎಂಬಾತ ಹುಲ್ಲಿನ ತಾಳಿಕೆಯನ್ನು ಅಳೆಯಲು ಒಂದು ಸರಳ ಉಪಾಯ ಹೇಳಿಕೊಟ್ಟ: ಲೋಹವಿರುವ ದ್ರಾವಣದಲ್ಲಿ ಬೇರು ಎಷ್ಟುದ್ದ ಬೆಳೆಯಿತು, ಇಲ್ಲದ ದ್ರಾವಣದಲ್ಲಿ ಎಷ್ಟುದ್ದ, ಎರಡನ್ನೂ ಭಾಗಿಸಿ ನೋಡಿ. ಅಷ್ಟೇ ಅಳತೆ. ಕಾಪಾಡುವ ಗೋಡೆಯೇ ಬೆಳವಣಿಗೆಯನ್ನೂ ತಡೆಯುತ್ತದೆ ಎಂಬ ಸತ್ಯ ಆ ಒಂದು ಭಾಗಾಕಾರದಲ್ಲಿದೆ.

ಹಾಗಂತ ಎಲ್ಲವೂ ಗೋಡೆಯ ಮಹಿಮೆ ಎಂದುಕೊಂಡರೆ ತಪ್ಪಾಗುತ್ತದೆ. ಗೋಡೆಯ ಕೊಕ್ಕೆಗಳಿಗೆ ಲೆಕ್ಕವಿದೆ. ಅವು ತುಂಬಿದ ಮೇಲೆ ಲೋಹ ಒಳಗೆ ಬಂದೇ ಬರುತ್ತದೆ. 1970ರ ದಶಕದಲ್ಲೇ ಜರ್ಮನಿಯ ಸಂಶೋಧಕರು ಕೋಶದೊಳಗಿನ ರಸದಾನಿಯಲ್ಲಿ ಸತುವನ್ನು ಕೂಡಿಡುವ ದಾರಿಯತ್ತ ಬೆರಳು ತೋರಿಸಿದ್ದರು. 1985ರಲ್ಲಿ ಮ್ಯೂನಿಕ್‌ನ ಗ್ರಿಲ್, ವಿನ್ನಾಕರ್, ಝೆಂಕ್ ಎಂಬ ಮೂವರು, ಸಸ್ಯಗಳು ಲೋಹವನ್ನು ಹಿಡಿದುಕಟ್ಟಲು ಕೋಶದೊಳಗೆ ತಯಾರಿಸುವ ಫೈಟೋಕೆಲಾಟಿನ್ ಎಂಬ ಸಣ್ಣ ಅಣುಗಳನ್ನು ಪತ್ತೆ ಮಾಡಿದರು. ಈ ಶತಮಾನದಲ್ಲಿ ಪೋಲೆಂಡಿನ ಪೊಜ್ನಾನ್‌ನ ಸಂಶೋಧಕರು ಪಾಚಿಜಾತಿಯ ಸಸ್ಯವೊಂದರಲ್ಲಿ ಇನ್ನೊಂದು ಸಂಗತಿ ಕಂಡರು: ಗೋಡೆಯಲ್ಲಿ ಕೂರಿಸಿದ ಸೀಸ ಪೆಕ್ಟಿನ್ ಸಮೇತ ಮತ್ತೆ ಕೋಶದೊಳಗೆ ಎಳೆದುಕೊಳ್ಳಲ್ಪಡಬಹುದು. ಹೊಸ್ತಿಲಿನಲ್ಲಿ ಕೂರಿಸಿದವನು ಅಲ್ಲೇ ಕೂತಿರುತ್ತಾನೆ ಎಂಬ ಖಾತ್ರಿಯಿಲ್ಲ. ಗೋಡೆ ಮೊದಲ ಕಾವಲು, ಆದರೆ ಒಂದೇ ಕಾವಲು ಅಲ್ಲ. ಇಷ್ಟನ್ನೂ ಆ ಹುಡುಗಿಗೆ ಮುಂದಿನ ವಾರ ಹೇಳಿದೆ. “ಅಂದರೆ ಆ ಹುಲ್ಲಿಗೂ ಕಷ್ಟವೇ” ಎಂದಳು. ಹೌದು, ಅದಕ್ಕೂ ಕಷ್ಟವೇ.

ಬ್ರಾಡ್‌ಶಾ ಇದನ್ನು ಪುಸ್ತಕದಲ್ಲಿ ಬಿಡಲಿಲ್ಲ. ದಿಬ್ಬದ ಮೇಲೆ ಮಾಮೂಲು ಹುಲ್ಲು ಬೆಳೆಯದಿದ್ದರೆ, ದಿಬ್ಬವೇ ಆರಿಸಿಕೊಂಡ ಹುಲ್ಲನ್ನು ಬೆಳೆಸಿದರಾಯಿತಲ್ಲ? ಆತ ಮತ್ತು ಸ್ಮಿತ್ ಎಂಬ ಸಹೋದ್ಯೋಗಿ ಹಲವು ಗಣಿಗಳಲ್ಲಿ ನೆಟ್ಟು ನೋಡಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ತಳಿಗಳು ಬೀಜದ ಮಾರುಕಟ್ಟೆಗೂ ಬಂದವು. ಸುಣ್ಣದಂಶವಿರುವ ಸೀಸ-ಸತುವಿನ ದಿಬ್ಬಕ್ಕೆ ‘ಮರ್ಲಿನ್’. ತಾಮ್ರದ ದಿಬ್ಬಕ್ಕೆ ‘ಪ್ಯಾರಿಸ್’, ಇದು ಫ್ರಾನ್ಸಿನದಲ್ಲ, ಆಂಗಲ್‌ಸಿ ದ್ವೀಪದ ತಾಮ್ರದ ಬೆಟ್ಟದ ಹೆಸರು. ಆಮ್ಲೀಯ ಸೀಸ-ಸತುವಿನ ದಿಬ್ಬಕ್ಕೆ ‘ಗೊಗಿನಾನ್’. ನಾನು ಕಾರು ನಿಲ್ಲಿಸಿದ ಆ ಬೋಳು ಇಳಿಜಾರಿನ ಹೆಸರು ಹೀಗೆ ಒಂದು ಹುಲ್ಲಿನ ತಳಿಯ ಹೆಸರಾಯಿತು.

ಈ ಹುಲ್ಲು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಅದು ಸೀಸವನ್ನು ತೆಗೆದುಹಾಕುವುದಿಲ್ಲ. ಹೆಚ್ಚಿನಂಶವನ್ನು ಬೇರಿನಲ್ಲೇ ತಡೆದಿಟ್ಟು, ನೆಲವನ್ನು ಹಿಡಿದು, ಗಾಳಿಗೆ ಧೂಳು ಏಳದಂತೆ, ಮಳೆಗೆ ಮಣ್ಣು ಕೊಚ್ಚಿಹೋಗದಂತೆ ನೋಡಿಕೊಳ್ಳುತ್ತದೆ. ಅದಕ್ಕೂ ಗೊಬ್ಬರ ಬೇಕು. ದಿಬ್ಬದಲ್ಲಿ ವಿಷ ಮಾತ್ರವಲ್ಲ, ಹಸಿವೂ ಇದೆ. ಅಲ್ಲಿ ಕುರಿ ದನ ಮೇಯಿಸಲು ಬಿಡಬಾರದು. ಹುಲ್ಲು ಹಸಿರಾಗಿದೆ ಎಂದ ಮಾತ್ರಕ್ಕೆ ನೆಲ ಗುಣವಾಯಿತು ಎಂದಲ್ಲ. ವೇಲ್ಸ್‌ನಲ್ಲಿ ಇಂಥ ಕೈಬಿಟ್ಟ ಲೋಹದ ಗಣಿಗಳು ಸುಮಾರು 1,300 ಇವೆ. ಇಂದಿಗೂ ಅವುಗಳ ನೀರು ಹೊಳೆ ಸೇರುತ್ತಲೇ ಇದೆ.

ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಟೇಲರ್ ಕಾಲದಲ್ಲಿ ಬಿಟ್ಟುಹೋಗಿದ್ದ ಸತುವಿಗೆ ಬೆಲೆ ಬಂದಾಗ, 1898ರಲ್ಲಿ ಬೆಲ್ಜಿಯಂನ ಕಂಪನಿಯೊಂದು ಫ್ರಾಂಗೋಚ್‌ಗೆ ಬಂತು. ದೊಡ್ಡ ಗಿರಣಿ ಕಟ್ಟಿತು, ಇಟಲಿಯಿಂದ ಕೆಲಸಗಾರರನ್ನು ಕರೆತಂದಿತು. ಕೆಲವೇ ವರ್ಷಗಳಲ್ಲಿ ಅದೂ ಎದ್ದು ಹೋಯಿತು. ಎರಡನೆಯ ಸಲ ಬಂದವರೂ ತಮ್ಮ ಪಾಲು ತೆಗೆದುಕೊಂಡು ಹೋದರು. ರಾಶಿಗಳು ಉಳಿದವು. ಅಲ್ಲಿ ಹರಿವ ನೀರನ್ನು ಬೇರೆ ಕಡೆಗೆ ತಿರುಗಿಸಿ, ರಾಶಿಯನ್ನು ಮುಚ್ಚಿ ಹುಲ್ಲು ಬೆಳೆಸುವ ಸರ್ಕಾರಿ ಕೆಲಸ ನಡೆದದ್ದು ನಮ್ಮ ಈ ಶತಮಾನದಲ್ಲಿ, ಅಂದರೆ ನೂರು ವರ್ಷಕ್ಕೂ ತಡವಾಗಿ.

ಕಾಡಲು ಕಾರಣವಿದೆ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ನೆಲ ಅದು. ಮೇಲೆ ಉಳಿದ ದಿಬ್ಬಗಳ ಮಣ್ಣು ಮೂರು ಕೋಟಿ ಟನ್ನಿಗೂ ಮಿಗಿಲು. ಒಂದು ಗ್ರಾಂ ಚಿನ್ನಕ್ಕೆ ಎಷ್ಟು ಮಣ್ಣು ಎಂದು ಲೆಕ್ಕ ಹಾಕುವವರು ಹಾಕಿಕೊಳ್ಳಲಿ. ಆ ಮಣ್ಣಿನಲ್ಲಿ ಇನ್ನೂ ಒಂದಿಷ್ಟು ಚಿನ್ನವಿದೆ. ಅದನ್ನು ಮತ್ತೆ ಸಂಸ್ಕರಿಸಿ ತೆಗೆಯುವ ಯೋಜನೆಗಾಗಿ 13 ದಿಬ್ಬಗಳ ವಿಷಯದಲ್ಲಿ 2024ರ ಜೂನ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸುದ್ದಿ ಓದಿದ ದಿನವೇ ರಾಬರ್ಟ್‌ಸನ್‌ಪೇಟೆಯ ಚಿಕ್ಕಪ್ಪನಿಗೆ ಫೋನು ಮಾಡಿದೆ.

“ಹೌದಮ್ಮ, ಮತ್ತೆ ಚಿನ್ನ ತೆಗೀತಾರಂತೆ. ಹುಡುಗ್ರಿಗೆ ಕೆಲ್ಸ ಸಿಕ್ಕಿದ್ರೆ ಒಳ್ಳೇದೇ. ಈಗ ಎಲ್ರೂ ಬೆಳಗಿನ ಜಾವದ ರೈಲು ಹತ್ತಿ ಬೆಂಗ್ಳೂರಿಗೆ ಓಡ್ತಾರೆ” ಎಂದರು.

“ತೆಗೆದಾದ್ಮೇಲೆ ಮಣ್ಣನ್ನ ಏನ್ಮಾಡ್ತಾರಂತೆ ಚಿಕ್ಕಪ್ಪ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದನ್ನ ಯಾರೂ ಹೇಳ್ಲಿಲ್ಲಮ್ಮ. ನಾವೂ ಕೇಳ್ಲಿಲ್ಲ.”

ನನ್ನ ಪ್ರಶ್ನೆ ಅಷ್ಟೇ. ದಿಬ್ಬವನ್ನು ಮುಟ್ಟಲೇಬಾರದು ಎಂದು ಹೇಳುವ ಹಕ್ಕು, ಊರು ಬಿಟ್ಟು ಬಂದ ನನಗಿಲ್ಲ. ಕೆಲಸ ಬೇಕಾದವರು ಅಲ್ಲಿದ್ದಾರೆ. ಆದರೆ ಮೂರನೆಯ ಸಲದ ಮಣ್ಣಿಗೆ ಯಾರು ಹೊಣೆ, ಅದರ ಮೇಲೆ ಏನು ಬೆಳೆಸುತ್ತೀರಿ, ಗಾಳಿ ಎದ್ದ ದಿನ ಏನು ಎಂದು ಮೊದಲೇ ಕೇಳಬೇಕು. ಕೆಲಸ ಶುರುವಾಗುವ ಮುಂಚೆ ಕೇಳಿದರೆ ಅದು ಕರಾರಿನ ಮಾತು. ಮುಗಿದ ಮೇಲೆ ಕೇಳಿದರೆ ಬರೀ ಗೋಳು. ಕಾರ್ಡಿಗನ್‌ಶೈರ್‌ನ ಚರಿತ್ರೆ ಓದಿ ನಾನು ಕಲಿತದ್ದು ಇದನ್ನೇ.

ಗೊಗಿನಾನ್ ಹುಲ್ಲಿನ ಬೀಜ ತಂದು ಕೋಲಾರದಲ್ಲಿ ಚೆಲ್ಲಿದರೆ ಆಗುವುದಿಲ್ಲ. ಅದು ಚಳಿಯ, ಸದಾ ಮಳೆಯ ದೇಶದ್ದು. ನಮ್ಮ ಬಿಸಿಲಿಗೆ ಒಂದು ತಿಂಗಳೂ ತಡೆಯದು. ತರಬೇಕಾದದ್ದು ಬೀಜವನ್ನಲ್ಲ, ಬ್ರಾಡ್‌ಶಾ ನೋಡಿದ ಬಗೆಯನ್ನು. ನಮ್ಮ ದಿಬ್ಬಗಳ ಅಂಚಿನಲ್ಲಿ ನಮ್ಮದೇ ಹುಲ್ಲುಗಳು ಎಷ್ಟೋ ದಶಕಗಳಿಂದ ಪರೀಕ್ಷೆ ಬರೆಯುತ್ತಿವೆ. ತೇರ್ಗಡೆಯಾದವು ಯಾವುವು ಎಂದು ಬುಡ ಕಿತ್ತು, ಬೇರಿನ ಉದ್ದ ಅಳೆದು ನೋಡಬೇಕು. ಕೋಲಾರದ ಯಾವುದಾದರೂ ಕಾಲೇಜಿನ ಮಕ್ಕಳು ಒಂದು ಅಡಿಪಟ್ಟಿ, ನಾಲ್ಕು ಗಾಜಿನ ಲೋಟ ಇಟ್ಟುಕೊಂಡು ಶುರುಮಾಡಬಹುದಾದ ಕೆಲಸ ಇದು.

ಹೋದ ವರ್ಷ ಊರಿಗೆ ಹೋದಾಗ ಚಿಕ್ಕಪ್ಪನನ್ನು ಕರೆದುಕೊಂಡು ದಿಬ್ಬದ ಬುಡಕ್ಕೆ ಹೋದೆ. ಅವರಿಗೆ ಎಂಬತ್ತರ ಹತ್ತಿರ. ಕೊಡೆ ಊರಿಕೊಂಡು ನಿಂತರು. ನಾನು ಮಂಡಿಯೂರಿ ನೋಡಿದೆ. ಬೂದಿ ಮಣ್ಣಿನ ಬಿರುಕಿನಲ್ಲಿ ಒರಟಾದ ಒಂದು ಹುಲ್ಲು. ತುದಿ ಕೆಂಪಗೆ ಒಣಗಿತ್ತು, ಬುಡ ಹಸಿರಾಗಿತ್ತು. ಹೆಸರು ನನಗೆ ಗೊತ್ತಾಗಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

“ಇದನ್ನ ನೋಡಕ್ಕೆ ಅಷ್ಟು ದೂರದಿಂದ ಬಂದ್ಯಾ? ಬರೀ ಹುಲ್ಲಲ್ವೇನಮ್ಮ” ಎಂದರು.

“ಇದು ಇಲ್ಲಿ ಹೇಗೆ ಬದುಕ್ತಿದೆ ಅಂತ ನೋಡ್ತಿದೀನಿ ಚಿಕ್ಕಪ್ಪ.”

ಅವರು ಬಗ್ಗಿ, ಕೊಡೆಯ ತುದಿಯಿಂದ ಅದರ ಸುತ್ತಲಿನ ಮಣ್ಣನ್ನು ಮೆಲ್ಲಗೆ ಸರಿಸಿ ನೋಡಿದರು. ಆಮೇಲೆ ಮತ್ತೆ ಹಾಗೆಯೇ ಮುಚ್ಚಿದರು. “ಬೇರು ಗಟ್ಟಿಯಾಗೇ ಐತೆ. ಕೀಳ್ಬೇಡ ಬಿಡು” ಎಂದರು.

ಕೀಳಲಿಲ್ಲ. ಜಾಗ ಗುರುತಿಟ್ಟುಕೊಂಡು ಬಂದೆ.